ಎಲೆಯ ಕಾಳಗ ಬರೆದ ಅಶ್ವತ್ಥಪ್ಪ ಸಾರ್

ಅಶ್ವತ್ಥಪ್ಪ ಸಾರ್ ಅವರಷ್ಟು ಹೆದರುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಆ ಹೆದರಿಕೆಯನ್ನು ಅವರಷ್ಟು ರಾಜಾರೋಷವಾಗಿ ಊರೆಲ್ಲ ಹೇಳಿಕೊಂಡು ತಿರುಗಿದವರನ್ನೂ ಕಂಡಿಲ್ಲ. ಆರಡಿ ಆಳು, ಅಗಲ ಹಣೆ, ಹಂಡೆಯೊಳಗಿಂದ ಬಂದಂಥ ದನಿ. ಅಂಥವರು ಹಿಂದೂಪುರದ ಬಸ್ ಸ್ಟ್ಯಾಂಡ್ ಎದುರು ರಸ್ತೆ ದಾಟಬೇಕಾದಾಗ ಪಕ್ಕದಲ್ಲಿ ನಿಂತವರ ತೋಳು ಹಿಡಿದುಕೊಂಡುಬಿಡುತ್ತಿದ್ದರು. ಗುರುತು ಪರಿಚಯ ಇರಲೇಬೇಕೆಂದೇನಿಲ್ಲ. "ಒಸಿ ದಾಟಿಸ್ಬುಡಪ್ಪ, ನಂಗೆ ಭಯ ಆಯ್ತದೆ" ಅನ್ನುವರು. ಒಮ್ಮೆ ಹೂ ಮಾರುವ ಅಜ್ಜಿಯೊಬ್ಬಳ ಕೈ ಹಿಡಿದು ದಾಟಿದ್ದನ್ನು ನಾವು ಹುಡುಗಿಯರು ಕಾಲೇಜು ಬಸ್ಸಿನ ಕಿಟಕಿಯಿಂದ ನೋಡಿ ನಕ್ಕು ಸುಸ್ತಾಗಿದ್ದೆವು. ಮಾರನೇ ದಿನ ಅವರೇ ಕ್ಲಾಸಿನಲ್ಲಿ ಆ ಕಥೆ ಹೇಳಿ, ಅಜ್ಜಿ ಅವರಿಗೆ ಧೈರ್ಯ ಹೇಳಿದ್ದನ್ನು ತೆಲುಗಿನಲ್ಲಿ ಅವಳದೇ ದನಿಯಲ್ಲಿ ಅನುಕರಿಸಿ ತೋರಿಸಿದರು.

ಅವರ ಹೆದರಿಕೆಗಳಿಗೆ ಲೆಕ್ಕವೇ ಇರಲಿಲ್ಲ. ಬೀದಿನಾಯಿ, ಹಲ್ಲಿ, ಕುಕ್ಕರಿನ ಸೀಟಿ, ಹೆಸರು ಕಾಣಿಸದ ಫೋನು, ಪ್ರಿನ್ಸಿಪಾಲರ ಸಹಿಯಿರುವ ಯಾವುದೇ ಕಾಗದ, ಲಿಫ್ಟು, ಇಂಜೆಕ್ಷನ್ನು. ನೇಕಾರರ ಮನೆಯವರು. ತಮ್ಮ ಈಗಲೂ ಮನೆಯಲ್ಲೇ ಮಗ್ಗ ಹೂಡಿ ರೇಷ್ಮೆ ಸೀರೆ ನೇಯುತ್ತಾನೆ. ಸಾರ್ ಅವರನ್ನೂ ಚಿಕ್ಕಂದಿನಲ್ಲಿ ಮಗ್ಗಕ್ಕೆ ಕೂರಿಸಿದ್ದರಂತೆ. ಅತ್ತಿಂದಿತ್ತ ಓಡುವ ಲಾಳಿ ಎಲ್ಲಿ ಹಾರಿ ಕಣ್ಣಿಗೆ ಬಡಿಯುತ್ತದೋ ಎಂದು ಹೆದರಿ ಮಗ್ಗ ಬಿಟ್ಟು ಓದಿಗೆ ಕೂತೆ, ಓದಿ ಓದಿ ಇಂಗ್ಲಿಷಿಗೆ ಬಂದು ಬಿದ್ದೆ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ತಮ್ಮನ ಸಂಸಾರದ ಜೊತೆಗಿದ್ದರು. ಯಾಕೆ ಆಗಲಿಲ್ಲ ಎಂದು ಕೇಳುವ ಸಲಿಗೆ ನಮಗೆ ಇರಲಿಲ್ಲ.

ಹಿಂದೂಪುರದ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಅವರು ನಮಗೆ ಇಂಗ್ಲಿಷ್ ಕಾವ್ಯ ಹೇಳುತ್ತಿದ್ದರು. ಹೇಳುತ್ತಿದ್ದುದು ಮುಕ್ಕಾಲು ಪಾಲು ಕನ್ನಡ, ತೆಲುಗಿನಲ್ಲಿ. ಎಲ್ಲ ಪಾಠವನ್ನೂ ಸುಮಾರಾಗಿ ಮುಗಿಸಿ, ಒಂದೇ ಒಂದು ಪಾಠಕ್ಕೆ ಬಂದಾಗ ಮಾತ್ರ ಅಂಗಿಯ ತೋಳು ಮಡಚಿ ನಿಲ್ಲುತ್ತಿದ್ದರು. ಅದು ಅಣಕು ವೀರಕಾವ್ಯದ ಪಾಠ. ಮುನ್ನೂರು ವರ್ಷದ ಹಿಂದೆ, ಅದಕ್ಕೂ ಒಂಚೂರು ಮುಂಚೆಯಿಂದ, ಇಂಗ್ಲೆಂಡಿನ ಕವಿಗಳು ಹೀಗೆ ಬರೆಯೋಕೆ ಶುರು ಮಾಡಿದರು ಎಂದು ಆರಂಭಿಸುವರು. ಹಳೇ ಕಾಲದ ಮಹಾಕಾವ್ಯಗಳೆಂದರೆ ಆ ಕವಿಗಳಿಗೆ ಪ್ರಾಣ. ಆದರೆ ಅಂಥ ಕಾವ್ಯ ಬರೆಯಲು ಊರಿನಲ್ಲಿ ವೀರರೇ ಇಲ್ಲ. ಕತ್ತಿ ಹಿಡಿಯುತ್ತಿದ್ದ ಕೈ ಕಾಫಿ ಬಟ್ಟಲು ಹಿಡಿದು ಹರಟೆ ಹೊಡೆಯುತ್ತಾ ಕೂತಿದೆ. ಆಗ ಕವಿ ಏನು ಮಾಡಬೇಕು? ಎರಡೆರಡು ಸಾಲು, ಸಾಲಿನ ಕೊನೆಗೆ ಪ್ರಾಸ, ಗತ್ತು ಅದೇ, ಗಾಂಭೀರ್ಯ ಅದೇ. ಆದರೆ ಒಳಗಿರುವ ವಿಷಯ ಮಾತ್ರ ಇಸ್ಪೀಟಾಟ, ಇಲ್ಲವೇ ಹೆಂಗಸರ ಸಿಂಗಾರದ ಡಬ್ಬಿ, ಇಲ್ಲವೇ ಇಬ್ಬರು ಪಂಡಿತರ ಕಿತ್ತಾಟ. ಮೊದಲು ದೇವಿಯನ್ನು ಕರೆಯಬೇಕು, ವೀರನಿಗೆ ಆಯುಧ ತೊಡಿಸಬೇಕು, ದೇವತೆಗಳು ಸಭೆ ಸೇರಬೇಕು, ಆಮೇಲೆ ಯುದ್ಧ.

"ಸಣ್ಣದಕ್ಕೆ ದೊಡ್ಡ ಅಂಗಿ ತೊಡಿಸೋದು ಕಣ್ರಮ್ಮ, ಅಷ್ಟೇ" ಎನ್ನುವರು. "ದೊಡ್ಡದಕ್ಕೆ ಚಡ್ಡಿ ತೊಡಿಸಿ ನಗೋದೂ ಐತೆ. ಅದು ನಂಗೆ ಬ್ಯಾಡ. ಅದ್ರಾಗೆ ವಿಷ ಐತೆ."

ಅವರು ಬರೀ ಪಾಠ ಹೇಳಿ ಬಿಡಲಿಲ್ಲ. ಯಾವುದಕ್ಕೆ ಹೆದರುತ್ತಿದ್ದರೋ ಅದರ ಮೇಲೆ ಅದೇ ಗತ್ತಿನಲ್ಲಿ ಕನ್ನಡದ ಪದ್ಯ ಕಟ್ಟುತ್ತಿದ್ದರು. ಮನೆಯ ಬೀದಿಯ ಹಾಲಂಗಡಿ ಮುಂದೆ ಮಲಗುತ್ತಿದ್ದ ಕೆಂಚು ನಾಯಿಯ ಮೇಲೆ ಬರೆದದ್ದು ನನಗೆ ಈಗಲೂ ಬಾಯಿಗೆ ಬರುತ್ತದೆ:

ಹಾಲಂಗಡಿಯ ಮೆಟ್ಟಿಲಲ್ಲಿ ಒರಗಿಹನು ಶ್ವಾನರಾಜ;
ಅವನಪ್ಪಣೆಯಿಲ್ಲದೆ ಹಾಲು ತರಲಾರನು ಮನುಜ.

ಭಯಕ್ಕೆ ಕಿರೀಟ ಇಟ್ಟುಬಿಟ್ಟರೆ ಅದರ ಭಾರಕ್ಕೆ ಅದೇ ತಲೆ ಬಗ್ಗಿಸುತ್ತದೆ ಎಂದು ಅವರ ಸಿದ್ಧಾಂತ. ನಾನು ಸೆಮಿನಾರಿನಲ್ಲಿ ಎದ್ದು ನಿಲ್ಲಲು ಹೆದರಿ ಎರಡು ಸಲ ಜ್ವರದ ನೆಪ ಹೇಳಿದ್ದೆ. ಮೂರನೇ ಸಲ ನನ್ನನ್ನು ಸ್ಟಾಫ್ ರೂಮಿಗೆ ಕರೆದು, "ಪದ್ಮಾ, ಮೈಕಿನ ಮೇಲೆ ಹತ್ತು ಸಾಲು ಬರ್ಕೊಂಡ್ ಬಾ" ಎಂದರು. ಬರೆದೆ. ಕೆಟ್ಟದಾಗಿತ್ತು. ಆದರೆ ಅದನ್ನು ಓದಿಯೇ ಸೆಮಿನಾರು ಶುರು ಮಾಡಿದೆ, ಕೈ ನಡುಗುತ್ತಿದ್ದರೂ ಬಾಯಿ ನಡುಗಲಿಲ್ಲ. ಅವತ್ತಿನಿಂದ ಅವರ ಮನೆಗೆ ಹೋಗಿ ಬರುವಷ್ಟು ಬಳಕೆಯಾಯಿತು. ಅವರ ಕೈಬರಹ ಅವರಿಗೇ ಓದಲು ಬರುತ್ತಿರಲಿಲ್ಲವಾದ್ದರಿಂದ ಪದ್ಯಗಳ ಶುದ್ಧ ಪ್ರತಿ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಈ ಪದ್ಯಗಳ ವಿಷಯದಲ್ಲಿ ಅವರಿಗೊಂದು ಕಟ್ಟುನಿಟ್ಟಿತ್ತು. ಮನುಷ್ಯರ ಮೇಲೆ ಬರೆದರೆ ಅವರ ಎದುರಿಗೇ ಕೂತು ಓದಬೇಕು. ಬರೆದು ಕಿಸೆಯಲ್ಲಿಟ್ಟುಕೊಂಡು ಬೇರೆಯವರಿಗೆ ಓದಿದರೆ ಅದು ಬೆನ್ನ ಹಿಂದೆ ಆಡಿಕೊಂಡಂತೆ ಎಂದು ಅವರ ಮತ. ಹಾಗಾಗಿ ಪ್ರಿನ್ಸಿಪಾಲರ ಮೇಲೆ ಬರೆದದ್ದನ್ನು ಪ್ರಿನ್ಸಿಪಾಲರಿಗೇ ಓದಿದರು. ಬೆವರಿಗೆ ಅಂಗಿ ಬೆನ್ನಿಗಂಟಿತ್ತು ಎಂದು ನೋಡಿದವರು ಹೇಳಿದರು. ಹೆದರುಪುಕ್ಕಲ ಮನುಷ್ಯ ಇಂಥ ನಿಯಮ ಯಾಕಾದರೂ ಇಟ್ಟುಕೊಂಡರೋ.

ನಾನು ಎಂ.ಎ. ಮುಗಿಸಿದ ವರ್ಷ ನನಗೆ ಕಲ್ಯಾಣದುರ್ಗದ ಸಂಬಂಧ ಗೊತ್ತಾಯಿತು. ಹುಡುಗ ಮಧು. ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದರು. ತಂದೆ ಚಿಕ್ಕಂದಿನಲ್ಲೇ ಹೋಗಿದ್ದರು. ಸಾಕಿ ಬೆಳೆಸಿದ್ದು ಅವರ ದೊಡ್ಡಪ್ಪ ಹನುಮಂತರಾಯಪ್ಪ. ಕುಂದುರ್ಪಿ ಕಡೆ ಹೊಲ, ಕಲ್ಯಾಣದುರ್ಗದಲ್ಲಿ ಮನೆ. ಭಾರಿ ಮೀಸೆ, ಕಡಿಮೆ ಮಾತು. ಅವರಿಗೂ ಒಬ್ಬ ಮಗನಿದ್ದು ತೀರಿಹೋಗಿದ್ದಾನೆ ಎಂದು ನಮಗೆ ಗೊತ್ತಿತ್ತು. ಹೇಗೆ, ಯಾವಾಗ ಎಂದು ಮದುವೆ ಮಾತಿನ ನಡುವೆ ಕೇಳುವುದು ಚೆನ್ನಾಗಿರುವುದಿಲ್ಲ ಎಂದು ಯಾರೂ ಕೇಳಲಿಲ್ಲ. ನಾನು ಮಧು ಜೊತೆ ಫೋನಿನಲ್ಲಿ ಮಾತಾಡುತ್ತಾ ಆಡುತ್ತಾ, ಈ ಮದುವೆ ಆಗದಿದ್ದರೆ ನಾನು ಏನಾಗುತ್ತೇನೋ ಅನ್ನುವ ಮಟ್ಟಕ್ಕೆ ಬಂದುಬಿಟ್ಟಿದ್ದೆ.

ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಆಯಿತು. ಊಟಕ್ಕೆ ಎದುರುಬದುರಾಗಿ ಎರಡು ಸಾಲು. ಸಂಭ್ರಮ ತಡೆಯಲಾರದೆ ನಮ್ಮಪ್ಪ ತಾವೇ ಬಾಳೆ ಎಲೆ ಹಾಕಲು ನಿಂತರು. ನಡುವೆ ನಡೆದುಕೊಂಡು ಹೋಗುತ್ತಾ ಎರಡೂ ಕಡೆಗೆ ಒಂದೇ ದಿಕ್ಕಿಗೆ ಕುಡಿ ಮಾಡಿ ಎಲೆ ಹಾಕಿದರು. ಎಲೆಯ ಕುಡಿ ಉಣ್ಣುವವರ ಎಡಕ್ಕೆ ಬರಬೇಕು. ಹೀಗಾಗಿ ಒಂದು ಸಾಲಿಗೆ ಸರಿಯಾಗಿ, ಇನ್ನೊಂದು ಸಾಲಿಗೆ ಕುಡಿ ಬಲಕ್ಕೆ ಬಂತು. ನಮ್ಮ ಕಡೆ ತಿಥಿಯ ಊಟಕ್ಕೆ ಎಲೆ ಹಾಗೆ ಹಾಕುವುದು. ಚಿಕ್ಕಮ್ಮ ನೋಡಿ ಓಡಿ ಬಂದು ಒಂದೊಂದಾಗಿ ತಿರುಗಿಸಿದರು. ಕಂಬದ ಮರೆಯಲ್ಲಿದ್ದ ಕೊನೆಯ ಎಲೆಯೊಂದು ಉಳಿದುಹೋಯಿತು. ಅಲ್ಲಿ ಕೂತಿದ್ದವರು ಹನುಮಂತರಾಯಪ್ಪ.

ಬಡಿಸಿದ್ದಾಯಿತು. ಅವರು ಎಲೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ ಒಂದು ಅಗುಳೂ ಮುಟ್ಟದೆ ಎದ್ದು, ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಗೆ ವ್ಯಾನಿನಲ್ಲಿ ಹೋಗಿ ಕೂತರು. ಅವರ ಕಡೆಯವರೆಲ್ಲ ಅರ್ಧ ಊಟ ಬಿಟ್ಟು ಹಿಂದೆ ಹೋದರು. ಅಪ್ಪ ವ್ಯಾನಿನ ಬಾಗಿಲಲ್ಲಿ ಕೈ ಮುಗಿದು ನಿಂತದ್ದು, ಅವರು ಮುಖ ಆಚೆ ತಿರುಗಿಸಿಕೊಂಡದ್ದು, ಎರಡನ್ನೂ ನಾನು ಕಿಟಕಿಯಿಂದ ನೋಡಿದೆ. ಮೂರು ದಿನದ ಮೇಲೆ, ಸ್ವಲ್ಪ ದಿನ ಹೋಗಲಿ, ನೋಡೋಣ ಎಂದು ಹೇಳಿ ಕಳಿಸಿದರು.

ಆಮೇಲೆ ಶುರುವಾಯಿತು. ಎಲೆಯ ತುದಿಗೆ ಇಷ್ಟು ಜಂಬವೇ ಎಂದು ನಮ್ಮವರು. ತಿಥಿ ಎಲೆ ಹಾಕಿ ಅವಮಾನ ಮಾಡಿದರು ಎಂದು ಅವರ ನೆಂಟರು. ವಾಟ್ಸಾಪಿನಲ್ಲಿ ಎರಡು ಕಡೆಯ ಚಿಕ್ಕಪ್ಪಂದಿರೂ ಒಬ್ಬರಿಗೊಬ್ಬರು ದೊಡ್ಡ ದೊಡ್ಡ ಮೆಸೇಜು ಕಳಿಸಿಕೊಂಡರು. ಅಪ್ಪ, ನಾನು ಒಂದು ಸಲ ಕೈ ಮುಗಿದಾಯಿತು, ಇನ್ನೊಂದು ಸಲ ಮುಗಿಯಲ್ಲ ಎಂದು ಪಟ್ಟು ಹಿಡಿದು ಕೂತರು. ಮಧು ಫೋನು ಮಾಡಿ, ದೊಡ್ಡಪ್ಪ ಮಾತೇ ಆಡ್ತಿಲ್ಲ, ಅವರನ್ನು ಮೀರಿ ನಾನು ಮದುವೆ ಆಗಲಾರೆ ಎಂದು ಅಳುವ ದನಿಯಲ್ಲಿ ಹೇಳಿದರು. ನನಗೆ ಊಟ ಸೇರದಾಯಿತು.

ಅಶ್ವತ್ಥಪ್ಪ ಸಾರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿ ಅತ್ತೆ. ಅವರು, ಇಂಗ್ಲೆಂಡಿನಲ್ಲಿ ಆ ಕಾಲದಲ್ಲಿ ಎರಡು ಮನೆಗಳ ಜಗಳ ಬಿಡಿಸೋಕೆ ಅಂತಲೇ ಅಣಕು ಕಾವ್ಯ ಬರೆದದ್ದುಂಟು, ಇಬ್ಬರಿಗೂ ನಗು ಬಂದರೆ ಜಗಳ ತಾನಾಗೇ ಮುಗಿಯುತ್ತದೆ ಎಂದರು. ತಾವೇ ಒಂದು ಬರೆಯಲು ಹೊರಟಿದ್ದಾರೆಂದು ಅವರ ಮುಖ ನೋಡಿ ನನಗೆ ಅನುಮಾನ ಬಂತು. ಹೆದರಿಕೆಯೂ ಬಂತು. ನಾಲ್ಕು ದಿನ ಬಿಟ್ಟು ಕರೆದು, ಎಂಟು ಹಾಳೆ ಕೈಗೆ ಕೊಟ್ಟು, ಶುದ್ಧ ಪ್ರತಿ ಮಾಡು ಎಂದರು. ಮೇಲೆ 'ಎಲೆಯ ಕಾಳಗ' ಎಂದು ಬರೆದಿತ್ತು.

ಪ್ರತಿ ಮಾಡುತ್ತಾ ನಾನು ನಕ್ಕೆ, ಸುಳ್ಳು ಹೇಳುವುದಿಲ್ಲ. ತಿಂಗಳ ಮೇಲಾಗಿತ್ತು ನಕ್ಕು. ದೇವಿಯನ್ನು ಕರೆದು, ಹನುಮಂತರಾಯಪ್ಪನವರು ಪಂಚೆ ಉಟ್ಟು ಮೀಸೆ ತಿದ್ದಿಕೊಂಡು ವ್ಯಾನು ಹತ್ತುವುದನ್ನು ರಥ ಹತ್ತಿದಂತೆ ಬಣ್ಣಿಸಿ, ಎಲೆಯ ಮೇಲೆ ಪಲ್ಯ ಕೋಸಂಬರಿಗಳ ಸೈನ್ಯ ನಿಲ್ಲಿಸಿದ್ದರು. ಆಮೇಲೆ ವೀರ ಎಲೆಯ ಕುಡಿ ನೋಡುತ್ತಾನೆ:

ಹೋಳಿಗೆ ಬಿಟ್ಟು, ತುಪ್ಪವ ಬಿಟ್ಟು ಓಡಿದ ಮೀಸೆಯ ರಾಯ;
ಬೆನ್ನಟ್ಟಿ ಬಂತು ಬಾಳೆಯ ಎಲೆ, ತೋಚಲಿಲ್ಲ ಉಪಾಯ.

ಬರೆದು ಮುಗಿಸಿದ ಮೇಲೆ ಹೆದರಿಕೆಯಾಯಿತು. ಇದನ್ನು ಅವರು ಯಾರಿಗೆ ಓದುತ್ತಾರೆ ಎಂದು ನನಗೆ ಗೊತ್ತಿತ್ತಲ್ಲ. ಬೇಡ ಸಾರ್, ದಮ್ಮಯ್ಯ, ಇದ್ದ ಒಂದೆಳೆ ದಾರವೂ ಹರಿದು ಹೋಗುತ್ತೆ ಎಂದು ಬೇಡಿಕೊಂಡೆ. ಅವರಿಗೆ ನನಗಿಂತ ಹೆಚ್ಚು ಹೆದರಿಕೆ. ಮೀಸೆಯವರನ್ನು ಕಂಡರೇ ಆಗದು. ಆದರೆ ಬರೆದಾಗಿಬಿಟ್ಟಿತ್ತು, ಓದದೆ ಇಟ್ಟುಕೊಳ್ಳುವ ಹಾಗಿರಲಿಲ್ಲ. "ನೀನೂ ಬಾಮ್ಮ, ಒಬ್ನೇ ಹೋದ್ರೆ ಪೆನುಕೊಂಡದಾಗೇ ಇಳ್ದು ವಾಪಸ್ ಬಂದ್ಬುಡ್ತೀನಿ" ಎಂದರು. ಅಮ್ಮನಿಗೆ ಮಾತ್ರ ಹೇಳಿ, ಅಪ್ಪನಿಗೆ ಕಾಲೇಜಿನ ಸರ್ಟಿಫಿಕೇಟಿನ ನೆಪ ಹೇಳಿ ಹೊರಟೆ. ನಿಶ್ಚಯ ಮುರಿದುಬೀಳುವಂತಿದ್ದ ಹುಡುಗಿ ಕರೆಯದೆ ಗಂಡಿನ ಮನೆಗೆ ಹೋಗುವುದೆಂದರೆ ಏನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಬಸ್ಸಿನಲ್ಲಿ ಸಾರ್ ಡ್ರೈವರನ ಹಿಂದಿನ ಸೀಟಿನಲ್ಲೇ ಕೂರುವರು. ಅವನು ಫೋನು ತೆಗೆದರೆ ಹೇಳಿ ಇಡಿಸಬಹುದೆಂದು. ಸೋಮಂದೇಪಲ್ಲಿ ದಾಟುವ ಹೊತ್ತಿಗೆ ಎರಡು ಸಲ ಇಡಿಸಿದ್ದರು. ಪೆನುಕೊಂಡದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದಾಚೆ ಸಾರ್ ಹಾಳೆಗಳಿದ್ದ ಕವರನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದರು. ಬಸ್ಸು ಕೆಟ್ಟು ನಿಲ್ಲಲಿ ಎಂದು ನಾನು ದೇವರಿಗೆ ಹರಕೆ ಹೊತ್ತೆ. ಅದು ಹೇಳಿದ ಹೊತ್ತಿಗಿಂತ ಮುಂಚೆಯೇ ಹೋಗಿ ನಿಂತಿತು.

ಹನುಮಂತರಾಯಪ್ಪ ಮನೆಯ ಜಗಲಿಯಲ್ಲಿ ಬಿತ್ತನೆಯ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ನಮ್ಮನ್ನು ನೋಡಿ ಎದ್ದು ನಿಂತರು, ಬನ್ನಿ ಎಂದರು, ಮತ್ತೆ ಕೂತು ಕಾಯಿ ಸುಲಿಯತೊಡಗಿದರು. ಅವರ ಹೆಂಡತಿ ನೀರು ತಂದುಕೊಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಮಧು ಅಂಗಡಿಯಲ್ಲಿದ್ದರು. ಸಾರ್ ನೀರು ಕುಡಿದು, ಲೋಟ ಕೆಳಗಿಟ್ಟು, ಮತ್ತೆ ಎತ್ತಿಕೊಂಡು, ಮತ್ತೆ ಇಟ್ಟು, ನಾನು ಈ ಹುಡುಗಿಯ ಮೇಷ್ಟ್ರು, ನಿಮ್ಮ ಮೇಲೆ ಒಂದು ಪದ್ಯ ಬರೆದಿದ್ದೀನಿ, ಓದಬಹುದಾ ಎಂದು ಒಂದೇ ಉಸಿರಿನಲ್ಲಿ ಕೇಳಿದರು. ಅವರು ಓದಿ ಎನ್ನುವಂತೆ ತಲೆ ಆಡಿಸಿದರು.

ಎಲೆಯೊಂದರ ತುದಿಯಿಂದಲಿ ಎದ್ದ ಮಹಾ ಸಮರವ
ಹಾಡೆನ್ನಯ ನಾಲಗೆಯಲಿ, ಓ ತಾಯೇ, ವಿವರವ.

ದನಿ ಹಂಡೆಯೊಳಗಿಂದಲೇ ಬಂತು, ಆದರೆ ಒಡೆದ ಹಂಡೆ. ಮೀಸೆಯ ಸಾಲುಗಳು ಬಂದಾಗ ಹನುಮಂತರಾಯಪ್ಪನವರ ಮುಖದಲ್ಲಿ ಏನೂ ಕಾಣಲಿಲ್ಲ. ಕಾಯಿ ಸುಲಿಯುವ ಸದ್ದು ಒಂದೇ ಸಮನೆ ನಡೆದಿತ್ತು. ರಥ ಬಂತು, ಪಲ್ಯದ ಸೈನ್ಯ ಬಂತು. ಆಮೇಲೆ ಸಾರ್ ಓದಿದರು:

ಎಲೆಯ ಕುಡಿಯು ಬಲಕೆ ತಿರುಗೆ ಕಳಚಿತಲ್ಲ ಆಕಾಶ;
ಪಲ್ಯದೆದುರು ಪಾಯಸದೆದುರು ವೀರನು ಹತಾಶ.

ಸುಲಿಯುವ ಸದ್ದು ನಿಂತಿತು. ಬಾಗಿಲಲ್ಲಿದ್ದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮುಗಿಯಿತು, ನನ್ನ ಮದುವೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಸಾರ್ ಹಾಳೆಯಿಂದ ತಲೆ ಎತ್ತಿದರು. ಹನುಮಂತರಾಯಪ್ಪನವರ ಕೈಯನ್ನು ನೋಡಿದರು. ಕೈ ಕಡಲೆಕಾಯಿಯ ಮೊರದ ಮೇಲಿತ್ತು, ನಡುಗುತ್ತಿತ್ತು. ನಾನಾದರೋ ಸಿಟ್ಟಿಗೆ ನಡುಗುತ್ತಿದೆ ಅಂದುಕೊಂಡೆ. ಸಾರ್ ಹಾಳೆಗಳನ್ನು ಮಡಚಿದರು.

"ನಿಮ್ಗೆ ಅವತ್ತು ಸಿಟ್ಟು ಬಂದಿರ್ಲಿಲ್ಲ, ಅಲ್ವಾ ರಾಯಪ್ನೋರೆ" ಎಂದು ಮೆಲ್ಲಗೆ ಕೇಳಿದರು. "ಭಯ ಆಯ್ತು."

ಹನುಮಂತರಾಯಪ್ಪ ಮೊರವನ್ನು ಪಕ್ಕಕ್ಕಿಟ್ಟರು. ನೆಲ ನೋಡಿಕೊಂಡೇ ಮಾತಾಡಿದರು.

"ಎಲೆ ಮ್ಯಾಲೆ ಯಾರಾದ್ರೂ ಸಿಟ್ ಮಾಡ್ಕಂತಾರಾ ಸಾರ್. ನನ್ ಮಗ ನಿಶ್ಚಿತಾರ್ಥ ಆಗಿ ಹತ್ತೊಂಬತ್ತು ದಿನಕ್ಕೆ ಕುಂದುರ್ಪಿ ರಸ್ತೇಲಿ ಬೈಕಿಂದ ಬಿದ್ದ. ಹನ್ನೊಂದನೇ ದಿನ ನಂಗೆ ಹಿಂಗೇ ಎಲೆ ಹಾಕಿದ್ರು, ಕುಡಿ ಬಲಕ್ಕೆ. ಉಣ್ಣು ಅಂದ್ರು, ಉಂಡೆ. ಅವತ್ತು ಇವ್ರ ಮನೇಲಿ ಅದೇ ಎಲೆ ಮುಂದೆ ಕುಂತಿದೀನಿ, ಎದುರು ಸಾಲ್ನಾಗೆ ಮಧು ನಗ್ತಾ ಕುಂತವ್ನೆ. ಕೈಯೇ ಏಳ್ಲಿಲ್ಲ ನಂಗೆ."

ಮನೆಯವರಿಗಾದರೂ ಹೇಳಬಾರದಿತ್ತೇ ಎಂದು ಸಾರ್ ಕೇಳಿದರು.

"ಬಾಯಿಂದ ಆಡ್ಬುಟ್ರೆ ಅಂಗೇ ಆಗ್ಬುಡ್ತದೇನೋ ಅಂತ" ಎಂದರು ಅವರು. "ಹುಡುಗಿ ಮ್ಯಾಲೆ ನಂಗೇನೂ ಇಲ್ಲ. ಒಸಿ ದಿನ ಹೋಗ್ಲಿ, ಈ ಭಯ ಇಳೀಲಿ, ಆಮ್ಯಾಕೆ ಮಾಡಾಣ ಅಂತ ಕಾಯ್ತಾ ಇವ್ನಿ."

ಈ ಭಯ ಮಧುಗೂ ಗೊತ್ತಿರಲಿಲ್ಲ, ನಮಗ್ಯಾರಿಗೂ ಗೊತ್ತಿರಲಿಲ್ಲ. ನಾವೆಲ್ಲ ಮೀಸೆ ನೋಡಿ ಸಿಟ್ಟು ಅಂದುಕೊಂಡಿದ್ದೆವು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಅವರ ಭಯ ಈಗ ನನ್ನದೂ ಆಗಿತ್ತು. ಮಧು ದಿನಾ ಬೈಕಿನಲ್ಲೇ ಅಂಗಡಿಗೆ ಹೋಗುತ್ತಿದ್ದರು.

ಆಗ ಅಶ್ವತ್ಥಪ್ಪ ಸಾರ್ ಕುರ್ಚಿ ಬಿಟ್ಟು ಇಳಿದು ಅವರ ಪಕ್ಕ ಜಗಲಿಯ ಮೇಲೆ ಕೂತರು.

"ಕಾಯ್ಬ್ಯಾಡಿ" ಎಂದರು. "ಅದು ಇಳಿಯಲ್ಲ. ನಮ್ಮವ್ವ ನನ್ ತಮ್ಮನ್ನ ಹೆತ್ತು ಹೋದ್ಲು, ನಾನು ನೋಡ್ತಾ ಇದ್ದೆ. ದೊಡ್ಡವನಾದ್ ಮ್ಯಾಲೆ ನಂಗೂ ಒಂದು ಹೆಣ್ಣು ಒಪ್ಕೊಂಡಿತ್ತು, ಕೊಡಿಕೊಂಡದ ಹತ್ರ. ನಮ್ಮವ್ವಂಗೆ ಆದಂಗೆ ಆ ಹುಡ್ಗೀಗೂ ಆದ್ರೆ ಅಂತ ಭಯ. ಒಸಿ ಭಯ ಕಮ್ಮಿ ಆಗ್ಲಿ, ಆಮೇಲೆ ಹೇಳ್ತೀನಿ ಅಂದೆ. ಆಯಮ್ಮಂಗೆ ಈಗ ಮೊಮ್ಮಕ್ಕಳು. ನನ್ ಭಯ ಅಂಗೇ ಐತೆ."

ಹನುಮಂತರಾಯಪ್ಪ ಅವರನ್ನು ತಿರುಗಿ ನೋಡಿದರು. ಇಬ್ಬರೂ ಮೊರ ನಡುವೆ ಇಟ್ಟುಕೊಂಡು ಕಾಯಿ ಸುಲಿದರು. ಸಾರ್ ಸುಲಿದದ್ದರಲ್ಲಿ ಅರ್ಧ ಬೀಜ ಒಡೆದು ಬಿತ್ತನೆಗೆ ಬಾರದಂತಾಯಿತು. ಕಾಫಿ ಬಂತು, ಕುಡಿದೆವು, ಬರುತ್ತೇವೆ ಎಂದು ಎದ್ದೆವು. ಮದುವೆಯ ಬಗ್ಗೆ ಹೌದು, ಇಲ್ಲ ಎರಡೂ ಇಲ್ಲ.

ಬಸ್ಸಿನಲ್ಲಿ ಸಾರ್ ಡ್ರೈವರನ ಹಿಂದಿನ ಸೀಟು ಖಾಲಿಯಿದ್ದರೂ ಹಿಂದೆ ಹೋಗಿ ಕೂತರು. ಸೋಮಂದೇಪಲ್ಲಿ ಬಂತು. ಆಮೇಲೆ, "ತಪ್ ಮಾಡ್ದೆ ಕಣಮ್ಮ" ಎಂದರು. "ಸಣ್ಣದು ಅಂದ್ಕೊಂಡೆ. ಯಾರ ಎಲೆ, ಎಷ್ಟು ದೊಡ್ಡದು ಅಂತ ಕೇಳ್ದೆ ಬರ್ದುಬುಟ್ಟೆ. ಅದ್ರಾಗೂ ವಿಷ ಇತ್ತು." ನಾನು ಸಮಾಧಾನ ಹೇಳಬೇಕಿತ್ತು. ನನ್ನ ಮದುವೆಯ ಚಿಂತೆಯಲ್ಲಿ ಹೇಳಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಅಪ್ಪನಿಗೆ ನಡೆದದ್ದೆಲ್ಲ ಹೇಳಿದೆ. ಬೈಯುತ್ತಾರೆಂದು ಹೆದರಿದ್ದೆ, ಅವರು ಅಂಗಳಕ್ಕೆ ಹೋಗಿ ಒಬ್ಬರೇ ನಿಂತುಕೊಂಡರು. ಎಂಟು ದಿನ ಫೋನು ಬರಲಿಲ್ಲ. ಆ ಎಂಟು ದಿನ ನಾನು ಹೇಗಿದ್ದೆ ಎಂದು ಹೇಳಲಾರೆ. ಒಂಬತ್ತನೇ ದಿನ ಬೆಳಿಗ್ಗೆ ಹನುಮಂತರಾಯಪ್ಪ ಅಪ್ಪನಿಗೆ ತಾವೇ ಫೋನು ಮಾಡಿ, ನನಗಿನ್ನೂ ಧೈರ್ಯ ಬಂದಿಲ್ಲ, ಆದರೂ ಲಗ್ನ ಇಟ್ಟುಕೊಳ್ಳಿ ಎಂದರು. ಅಪ್ಪ ಅವತ್ತೇ ಬಸ್ಸು ಹತ್ತಿ ಹೋಗಿ ಎರಡನೇ ಸಲ ಕೈ ಮುಗಿದು ಬಂದರು.

ಮದುವೆಗೆ ಅಶ್ವತ್ಥಪ್ಪ ಸಾರ್ ಬರಲಿಲ್ಲ. ಜ್ವರ ಎಂದು ಮೆಸೇಜು ಕಳಿಸಿದರು. ನಾನು ಒಂದು ಕಾಲದಲ್ಲಿ ಹೇಳುತ್ತಿದ್ದ ಜ್ವರವೇ ಅದು. ಹನುಮಂತರಾಯಪ್ಪನವರ ಮುಖ ನೋಡಲು ಅವರಿಗೆ ಆಗುತ್ತಿರಲಿಲ್ಲ. ದೊಡ್ಡಪ್ಪ (ಆಗಿನಿಂದ ನನಗೂ ಅವರು ದೊಡ್ಡಪ್ಪ) ಧಾರೆಯ ಹೊತ್ತಿಗೂ ಬಾಗಿಲ ಕಡೆ ನೋಡುತ್ತಿದ್ದರು.

ಆಷಾಢಕ್ಕೆ ತವರಿಗೆ ಬಂದಿದ್ದ ನನ್ನನ್ನು ವಾಪಸು ಕರೆದುಕೊಂಡು ಹೋಗಲು ಮಧು ಬರಬೇಕಿತ್ತು. ದೊಡ್ಡಪ್ಪ ಬಂದರು. ಊಟವಾದ ಮೇಲೆ, ನಿಮ್ಮ ಸಾರ್ ಮನೆ ತೋರಿಸಮ್ಮ ಎಂದರು. ಹೋದೆವು. ಸಾರ್ ಅವರ ತಮ್ಮ ಮಗ್ಗ ನಿಲ್ಲಿಸಿ ಒಳಗೆ ಕೂಗಿ ಹೇಳಿದ. ಸಾರ್ ಬಾಗಿಲಿಗೆ ಬಂದವರು ದೊಡ್ಡಪ್ಪನನ್ನು ಕಂಡು ಗೋಡೆ ಹಿಡಿದುಕೊಂಡರು. ತುಂಬ ಇಳಿದುಹೋಗಿದ್ದರು.

"ಅವತ್ತು ಅರ್ಧಕ್ಕೆ ನಿಲ್ಲಿಸ್ಬುಟ್ರಿ" ಎಂದರು ದೊಡ್ಡಪ್ಪ, ಚಾಪೆಯ ಮೇಲೆ ಕೂರುತ್ತಾ. "ನನ್ ಮ್ಯಾಲೆ ಬರ್ದಿರೋದು ನಂಗೇ ಗೊತ್ತಿಲ್ದಂಗೆ ಇರ್ಬಾರ್ದು ಸಾರ್. ಮಿಕ್ಕಿದ್ದು ಓದಿ."

ಸಾರ್ ಬೇಡವೆಂದು ಕೈ ಮುಗಿದರು. ಇವರು ಅಲ್ಲಾಡಲಿಲ್ಲ. ತಮ್ಮ ಹೋಗಿ ಕವರು ತಂದುಕೊಟ್ಟ. ಮಿಕ್ಕಿದ್ದರಲ್ಲಿ ಏನಿದೆ ಎಂದು ನನಗೆ ಸಾಲು ಸಾಲೂ ಗೊತ್ತು, ಬರೆದವಳು ನಾನೇ. ಮಗನನ್ನು ಕಳೆದುಕೊಂಡ ಮನುಷ್ಯ ಎಲೆಗೆ ಹೆದರಿ ಓಡಿದ್ದನ್ನು ಅವರ ಎದುರೇ ಓದಬೇಕು. ಸಾರ್ ಕನ್ನಡಕ ಹಾಕಿಕೊಂಡರು. ಆ ಸಾಲಿಗೆ ಬಂದಾಗ ಒಂದು ಗಳಿಗೆ ತಡೆದು, ನನ್ನ ಕಡೆ ಒಂದು ಸಲ ನೋಡಿ, ಹಂಡೆಯ ದನಿ ಪೂರ್ತಿ ತೆಗೆದು ಓದಿದರು:

ಹೋಳಿಗೆ ಬಿಟ್ಟು, ತುಪ್ಪವ ಬಿಟ್ಟು ಓಡಿದ ಉಪಾಧ್ಯಾಯ;
ಬೆನ್ನಟ್ಟಿ ಬಂತು ಬಾಳೆಯ ಎಲೆ, ತೋಚಲಿಲ್ಲ ಉಪಾಯ.

"ಓಡಿದ್ದು ನೀವಾ ಸಾರ್?" ಎಂದರು ದೊಡ್ಡಪ್ಪ.

"ನಾನೇ. ಇನ್ಯಾರ್ ಓಡ್ತಾರೆ" ಎಂದರು ಸಾರ್.

ಅಲ್ಲಿಂದ ಮುಂದೆ ಅವರು ಹಾಳೆ ನೋಡಿಕೊಂಡೇ ಹಾಳೆಯಲ್ಲಿಲ್ಲದ್ದನ್ನು ಕಟ್ಟುತ್ತಾ ಹೋದರು. ಉಪಾಧ್ಯಾಯ ಪೆನುಕೊಂಡದ ಬೆಟ್ಟ ಹತ್ತಿದ, ಬಸ್ಸಿನ ಸೀಟಿನಡಿ ತೂರಿದ, ದೇವತೆಗಳ ಸಭೆಗೆ ಹೋಗಿ ಅತ್ತ. ಕೊನೆಗೆ ಎಮ್ಮೆಯೊಂದು ಬಂದು ಎಲೆ ತಿಂದು ಯುದ್ಧ ಮುಗಿಸಿತು. ದೊಡ್ಡಪ್ಪನ ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ ಕುಲುಕಿತು. ಅವರು ನಗುವುದನ್ನು ನಾನು ಅದೇ ಮೊದಲು ನೋಡಿದ್ದು. ಕಣ್ಣು ಒರೆಸಿಕೊಂಡು, ಎಮ್ಮೆ ಚೆನ್ನಾಗಿದೆ ಸಾರ್ ಎಂದರು. ಸಾರ್ ಅಂಗಿ ಬೆವರಿಗೆ ತೊಯ್ದಿತ್ತು. ಬೀದಿಯ ತಿರುವಿನವರೆಗೆ ಬಂದು ನಮ್ಮನ್ನು ಕಳಿಸಿಕೊಟ್ಟರು. ಅದೇ ಕೊನೆ.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತವರು ಹಾಗೇ ಹೋದರು ಎಂದು ಸಾರ್ ಅವರ ತಮ್ಮ ಫೋನು ಮಾಡಿದ. ಹೆದರಿದರೋ ಇಲ್ಲವೋ, ಪಕ್ಕದಲ್ಲಿ ಯಾರೂ ಇರಲಿಲ್ಲವಂತೆ. ಅದನ್ನು ನೆನೆದರೆ ನನಗೆ ಈಗಲೂ ತಡೆಯಲಾಗುವುದಿಲ್ಲ. ರಸ್ತೆ ದಾಟಲೂ ಒಂದು ತೋಳು ಬೇಕಿತ್ತು ಅವರಿಗೆ. ಹೋದಾಗ ತಮ್ಮ, ಇದು ನಿನ್ನ ಬರಹ ಅಲ್ಲವೇನಮ್ಮ ಎಂದು ಕವರು ನನ್ನ ಕೈಗೆ ಕೊಟ್ಟ.

ಕಲ್ಯಾಣದುರ್ಗಕ್ಕೆ ಬಂದ ಮೇಲೆ ದೊಡ್ಡಪ್ಪ ಅದನ್ನು ನೋಡಿದರು. ಅವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಓದಿದ್ದು ತೆಲುಗು ಶಾಲೆ. ಓದಮ್ಮ, ಸಾರ್ ಓಡಿದ್ದು ಇನ್ನೊಂದು ಸಲ ಕೇಳಬೇಕು ಎಂದರು. ದೊಡ್ಡಮ್ಮನೂ ಬಂದು ಕೂತರು. ಹಾಳೆ ಬಿಡಿಸಿದೆ. ನನ್ನದೇ ದುಂಡು ಅಕ್ಷರದಲ್ಲಿ 'ಮೀಸೆಯ ರಾಯ' ಎಂದೇ ಇತ್ತು. ಒಂದು ಗೀಟು ಕೂಡ ಎಳೆದಿರಲಿಲ್ಲ. ಮನುಷ್ಯರ ಮೇಲೆ ಬರೆದದ್ದನ್ನು ಇದ್ದ ಹಾಗೆ ಅವರ ಎದುರಿಗೇ ಓದಬೇಕೆಂದು ಹೇಳಿಕೊಟ್ಟವರು ಇದನ್ನು ಹಾಗೇ ನನ್ನ ಕೈಗೆ ಬಿಟ್ಟು ಹೋಗಿದ್ದರು. ಕೇಳೋಣವೆಂದರೆ ಅವರಿಲ್ಲ. ದೊಡ್ಡಪ್ಪ ಆಗಲೇ ನಗಲು ಸಿದ್ಧವಾಗಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹಾಳೆಯ ಮೇಲಿಂದ ಕಣ್ಣು ತೆಗೆಯದೆ, "ಓಡಿದ ಉಪಾಧ್ಯಾಯ" ಎಂದು ಓದಿದೆ.